ಆದಿತ್ಯವಾರದ ಕೋಳಿ

ಹೊಸ ವರ್ಷದ ಬೆಳಗಿನ ಜಾವ, ಕಂಬಳಿ ಹೊದ್ದ ಪ್ರಭಾವತಿ ಕೋಳಿ ಸಾರಿನ ಪಾತ್ರೆ ಎತ್ತಿಕೊಂಡು ಪಕ್ಕದ ಮುತ್ತನ ಮನೆಗೆ ಹೊರಟಿದ್ದರು. ಹಿತ್ತಲ ಬಾಗಿಲಲ್ಲಿ ಸೊಸೆ ಸೌಮ್ಯಶ್ರೀ ಎರಡೂ ಕೈ ಚಾಚಿ ಅಡ್ಡ ನಿಂತಳು.

“ಅತ್ತೆ, ಅದ್ನ ಎಲ್ಲಿಗ್ ತಕಂಡ್ ಹೋತ್ರಿ? ನಿಮ್ ಮಗ ಬಪ್ಪು ಹೊತ್ತಾಯ್ತ್.”

“ಮುತ್ತನ ಮನಿಗೆ. ಅವ್ರಿಗ್ ಸೋಮವಾರ ಮಂಗಳವಾರ ಎಂತದೂ ಇಲ್ಲೆ. ನಮ್ಮಲ್ ಸೋಮವಾರ ಕೋಳಿ ಇಡುಕಾಗ. ನಿಂಗೊತ್ತಿಲ್ಯಾ?”

ಗೊತ್ತಿಲ್ಲದೆ ಏನು! ಮದುವೆಯಾಗಿ ಬಂದ ಮೊದಲ ವಾರವೇ ಆ ಹರಕೆಯ ಕಥೆ ಸೌಮ್ಯಶ್ರೀಗೆ ಬಾಯಿಪಾಠವಾಗಿತ್ತು. ಮಗ ರತೀಶ್ ಕೆಲಸವಿಲ್ಲದೆ ಜಗಲಿ ಕಾಯುತ್ತಿದ್ದಾಗ, ಪ್ರಭಾವತಿ ಕೋಟೇಶ್ವರದ ಈಶ್ವರನೆದುರು ನಿಂತು, ಇವನಿಗೊಂದು ಕೆಲಸ ಕೊಡಿಸಿದರೆ ಸೋಮವಾರ ನಮ್ಮ ಮನೆಯಲ್ಲಿ ಯಾರೂ ಮೀನು-ಮಾಂಸ ಮುಟ್ಟುವುದಿಲ್ಲ ಎಂದು ಹೇಳಿಕೊಂಡಿದ್ದರು. ದೇವರು ತಡ ಮಾಡಲಿಲ್ಲ. ಮರವಂತೆಯಾಚೆ ಕಡಲ ಬದಿಯ ರೆಸಾರ್ಟ್ ಒಂದರಲ್ಲಿ ರತೀಶನಿಗೆ ಸಪ್ಲೈಯರ್ ಕೆಲಸ ಸಿಕ್ಕಿತು. ಈಗ ಅದೇ ಕೆಲಸ ವರ್ಷದ ಕೊನೆಯ ರಾತ್ರಿ ಅವನನ್ನು ಮನೆಗೆ ಬಿಡಲಿಲ್ಲ. ಆದಿತ್ಯವಾರ ಸಂಜೆಯೇ ಬರುತ್ತೇನೆ, ಊರ ಕೋಳಿ ಮಾಡಿಡಿ, ಮೂವರೂ ಒಟ್ಟಿಗೆ ಉಣ್ಣುವ ಎಂದವನು ಪರವೂರಿನವರಿಗೆಲ್ಲ ಹೊಸ ವರ್ಷ ಬಡಿಸುತ್ತ ಅಲ್ಲೇ ಉಳಿದ. ಅವನನ್ನು ಬಿಟ್ಟು ಕೋಳಿ ತಿನ್ನಲು ಮನಸ್ಸು ಬಾರದೆ ಅತ್ತೆ-ಸೊಸೆ ಗಂಜಿ, ಉಪ್ಪಿನಕಾಯಿ ಉಂಡು ಮಲಗಿದ್ದರು.

“ಸೋಮವಾರ ಇನ್ನೂ ಆಯ್ಲಿಲ್ಲ ಅತ್ತೆ,” ಎಂದಳು ಸೌಮ್ಯಶ್ರೀ. “ಶಿವರಾತ್ರಿ ಉಪವಾಸ ನೀವ್ ಯಾವಾಗ ಬಿಡೂದ್? ರಾತ್ರಿ ಹನ್ನೆರಡಕ್ಕಾ? ಬೆಳಿಗ್ಗೆ ಸೂರ್ಯ ಹುಟ್ದ್ ಮೇಲೆ ಅಲ್ದಾ?”

“ಹಾಂಗಾರೆ ರಾತ್ರಿ ಹನ್ನೆರಡಕ್ಕೆ ಅವ್ನಿಗ್ ಫೋನ್ ಮಾಡಿ ‘ಹ್ಯಾಪಿ ನ್ಯೂ ಇಯರ್’ ಅಂದದ್ದ್ ಎಂತಕೆ?”

“ಅದ್ ಇಂಗ್ಲಿಷಿನವ್ರ ಲೆಕ್ಕ. ಕೋಳಿದ್ ನಮ್ ಲೆಕ್ಕ.”

ಪ್ರಭಾವತಿಗೆ ನಗು ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ, ಸೋಲುವುದಕ್ಕೆ ಮನಸ್ಸು ಇತ್ತು. “ಆಯ್ತ್. ಸೂರ್ಯ ಮೂಡುವರಿಗೆ ಮಾತ್ರ. ಆಮೇಲೆ ಒಂದ್ ತುಂಡೂ ಇಲ್ಲೆ,” ಎಂದು ಪಾತ್ರೆಯನ್ನು ತಿರುಗಿ ತಂದರು.

ಅಡುಗೆಮನೆಯನ್ನು ಸೋಮವಾರಕ್ಕೆಂದು ರಾತ್ರಿಯೇ ತೊಳೆದು ಒರೆಸಿ ಆಗಿತ್ತು. ಹಾಗಾಗಿ ಸಾರು ಬಚ್ಚಲ ಒಲೆಯ ಮೇಲೆ, ಹಂಡೆಯ ಪಕ್ಕದಲ್ಲಿ ಬಿಸಿಯಾಗತೊಡಗಿತು. ವರ್ಷವಿಡೀ ಬೆವರುವ ಊರಿಗೆ ಚಳಿಯೆಂದರೆ ಅಪರೂಪದ ನೆಂಟ; ಬಂದಾಗ ಬೆಂಕಿ ಹಾಕಿಯೇ ಉಪಚರಿಸಬೇಕು. ಸೌಮ್ಯಶ್ರೀ ಒಳಗೆ ಹೋಗಿ ನೀರುದೋಸೆ ಹೊಯ್ದು ತಂದಳು. ಅತ್ತೆ ತೆಂಗಿನ ಸೋಗೆ ಮುರಿದು ಒಲೆಗಿಡುತ್ತ, ಕ್ಷಣಕ್ಕೊಮ್ಮೆ ಮೂಡು ದಿಕ್ಕಿಗೆ ಕತ್ತು ತಿರುಗಿಸುತ್ತಿದ್ದರು.

ಅಷ್ಟರಲ್ಲಿ ರತೀಶನ ಫೋನ್ ಬಂತು. “ಹೆಮ್ಮಾಡಿಲಿದ್ದೆ ಕಾಣ್. ಮಂಜ್ ಮುಸ್ಕಿತ್ತ್, ಬೈಕ್ ಓಡ್ಸುಕೇ ಆತಿಲ್ಲೆ.”

ಸೊಸೆಯ ಕೈಯಿಂದ ಪ್ರಭಾವತಿ ಫೋನ್ ಕಸಿದುಕೊಂಡರು. “ನಿಧಾನ ಬಾ ಮಗಾ, ಗಡಿಬಿಡಿ ಮಾಡ್ಬೇಡ.” ಫೋನ್ ಇಟ್ಟವರು ಮತ್ತೆ ಮೂಡಣಕ್ಕೆ ತಿರುಗಿ, “ನೀನೂ ಹಾಂಗೆ, ಸ್ವಲ್ಪ ನಿಧಾನ ಬಾ ಮಾರಾಯ,” ಎಂದರು.

ಮಗ ಆ ಮಾತು ಕೇಳಿದ, ಸೂರ್ಯ ಕೇಳಲಿಲ್ಲ. ಅಂಗಳದಲ್ಲಿ ಬೈಕ್ ನಿಂತಾಗ ಆಕಾಶ ಆಗಲೇ ಕೆಂಪೇರಿತ್ತು. ರತೀಶ್ ಸೀದಾ ಬಚ್ಚಲಿಗೆ ಬಂದು ಒಲೆಗೆ ಕೈ ಚಾಚಿದ. ಚಳಿಗೆ ಬೆರಳು ಮಡಚಲೂ ಆಗುತ್ತಿರಲಿಲ್ಲ.

“ರಾತ್ರಿ ಎಂತ ಉಂಡೆ?” ಅಮ್ಮನ ಮೊದಲ ಪ್ರಶ್ನೆ.

“ಎಲ್ಲರಿಗೂ ಬಡ್ಸಿ ಆಪ್ ಹೊತ್ತಿಗೆ ನಮ್ಗ್ ಬರೀ ಅನ್ನ, ತಿಳಿಸಾರ್ ಉಳ್ದಿತ್.” ಪಾತ್ರೆಯ ಮುಚ್ಚಳ ಸರಿಸಿ ಮೂಗರಳಿಸಿದ. “ಹ್ವಾಯ್! ಇದ್ ಮಾತ್ರ ಕೋಳಿ ಕಾಣಿ!”

ಸೌಮ್ಯಶ್ರೀ ತಟ್ಟೆಗೆ ದೋಸೆ ಹಾಕಿ ಸೌಟು ಎತ್ತಿದಳು. ಆಗಲೇ ಮುತ್ತನ ಮನೆಯ ತೆಂಗಿನ ಗರಿಗಳ ಸಂದಿಯಲ್ಲಿ ಸೂರ್ಯನ ಅಂಚು ಕಾಣಿಸಿತು. ಮೂವರೂ ಅದನ್ನು ಕಂಡರು. ಸೌಟು ಅಲ್ಲೇ ನಿಂತಿತು.

“ಬೇಡ ಬಿಡ್,” ಎಂದ ರತೀಶ್ ಮುಚ್ಚಳ ಮುಚ್ಚುತ್ತ. “ಅಮ್ಮ ನಂಗಾಯಿ ಹೇಳ್ಕಂಡ ಹರಕೆ. ದೋಸಿಗೆ ಬೆಲ್ಲ-ಕಾಯಿ ಹಾಕ್, ಸಾಕ್.” ಮಾತೇನೋ ನಗುತ್ತಲೇ ಆಡಿದ, ಕಣ್ಣು ಮಾತ್ರ ಪಾತ್ರೆಯನ್ನು ಬಿಟ್ಟು ಕದಲಲಿಲ್ಲ.

ಪ್ರಭಾವತಿ ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ಮಗನನ್ನು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು, ಕಂಬಳಿಯನ್ನು ತಲೆಯ ಮೇಲಿಂದ ಪೂರ್ತಿ ಎಳೆದುಕೊಂಡರು.

“ಸೌಮ್ಯಾ, ಬಡ್ಸ್. ನೀನೂ ಹಾಯ್ಕಂಡ್ ಕೂಕೊ.”

“ಅತ್ತೆ, ಬೆಳಕಾಯ್ತಲೆ...”

“ಎಲ್ಲಿ? ನಂಗ್ ಎಂತದೂ ಕಾಂತಿಲ್ಲೆ.”

ಗಂಡ-ಹೆಂಡತಿ ಮುಖ ಮುಖ ನೋಡಿಕೊಂಡರು. ಮತ್ತೆ ತಡ ಮಾಡಲಿಲ್ಲ. ಬಿಸಿ ಸಾರು ದೋಸೆಯ ಮೇಲೆ ಹರಿಯಿತು. ರತೀಶ್ ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತರಿಸಿಕೊಂಡು, ನಗುತ್ತ ಉಂಡ. ಬಿಸಿಲು ಅಂಗಳ ದಾಟಿ ಬಚ್ಚಲ ಹೊಸ್ತಿಲಿಗೆ ಬಂತು, ಅಲ್ಲಿಂದ ಅವನ ತಟ್ಟೆಗೂ ಬಂತು.

“ಕಾಲಿನ ತುಂಡ್ ಹಾಕಿದ್ಯಾ ಅವ್ನಿಗೆ?” ಕಂಬಳಿ ಕೇಳಿತು.

“ಹಾಕಿದೆ ಅತ್ತೆ.”

“ಉಂಡ್ ಕೈ ತೊಳ್ದಾದ್ ಮೇಲೆ ಹೇಳ್ ಮಗಾ,” ಎಂದರು ಪ್ರಭಾವತಿ ಒಳಗಿಂದಲೇ. “ಆಮೇಲೆ ಬೆಳಗ್ ಮಾಡುವ.”