ಶಿದ್ರಾಮಪ್ಪ ಕಟ್ಟಿಸಿದ ಗದ್ದುಗೆ

ಗುರಪ್ಪನ ಹೆಣ ಎರಡು ತಾಸಿನಿಂದ ರುದ್ರಭೂಮಿಯ ಗೇಟಿನ ಮುಂದೆ ಬಿಸಿಲಲ್ಲಿತ್ತು. ಗೇಟಿಗೆ ಬೀಗ. ಕೀಲಿಕೈ ರುದ್ರಭೂಮಿ ಕಮಿಟಿಯ ಅಧ್ಯಕ್ಷ ಶಿದ್ರಾಮಪ್ಪನ ಉಡದಾರದಲ್ಲಿ. ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ. ಬೀಳಗಿ ಕಡೆಯ ಈ ಊರಿನಲ್ಲಿ ಬದುಕಿದ್ದವರು ಅವನನ್ನು ಪಂಚಾಯ್ತಿ ಚುನಾವಣೆಯಲ್ಲಿ ಎರಡು ಸಲ ಸೋಲಿಸಿದ್ದರು. ಸತ್ತವರ ಅಧ್ಯಕ್ಷಗಿರಿಯೊಂದು ಉಳಿದಿತ್ತು.

ಗುರಪ್ಪ ನಲವತ್ತು ವರ್ಷ ಈ ನೆಲದಲ್ಲಿ ಕುಣಿ ತೋಡಿದವನು. ಇಲ್ಲೇ ಒಂದು ಮೂಲೆಯಲ್ಲಿ ಮಣ್ಣಾಗಬೇಕೆಂಬುದು ಅವನ ಕಡೆಯ ಆಸೆ. ಅವನ ಹೆಂಡತಿ ಅನಸವ್ವ ಅದನ್ನೇ ಸೆರಗೊಡ್ಡಿ ಕೇಳಿದಳು.

ಶಿದ್ರಾಮಪ್ಪ ಮೀಸೆ ತೀಡಿಕೊಂಡ. "ನಾವು ಕುಂದ್ರಿಸಿ ಹೂಳೋ ಮಂದಿ, ನೀವು ಮಲಗಿಸೋ ಮಂದಿ. ಕೂಡಿದ್ರ ನಮ್ಮ ಹಿರ್ಯಾರಿಗೆ ಮೈಲಿಗಿ. ಹಳ್ಳದಾಚಿ ನಿಮ್ಮ ಜಾಗ ಐತಿ, ಅಲ್ಲಿಗೆ ಒಯ್ರಿ."

ಹಿರಿಯರು ಯಾರೆಂದು ಬೆರಳು ಮಾಡಿಯೂ ತೋರಿಸಿದ. ಗೇಟಿನೊಳಗೆ ಅವನ ಅಪ್ಪ ರಾಮಲಿಂಗಪ್ಪನ ಅಮೃತಶಿಲೆಯ ಗದ್ದುಗೆ ಹೊಳೆಯುತ್ತಿತ್ತು. ಸೋಮವಾರಕ್ಕೊಮ್ಮೆ ಬಿಲ್ವಪತ್ರೆ, ವರ್ಷಕ್ಕೊಮ್ಮೆ ಊರಿಗೆಲ್ಲ ಊಟ.

ಈ ಪಿತೃಭಕ್ತಿ ಹುಟ್ಟಿದ್ದು ತುಸು ತಡವಾಗಿ. ಕೊರೊನಾ ವರ್ಷದಲ್ಲಿ ರೋಗದ ಹೆಣ ಒಳಗೆ ಬರಬಾರದೆಂದು ಈ ಬೀಗ ಜಡಿದವನೇ ಶಿದ್ರಾಮಪ್ಪ. ಅದೇ ತಿಂಗಳು ಅಪ್ಪ ಆಸ್ಪತ್ರೆಯಲ್ಲಿ ಅದೇ ರೋಗದಿಂದ ತೀರಿಕೊಂಡ. ಆಂಬುಲೆನ್ಸ್ ಊರಿಗೆ ಬಂದಾಗ ಮಗ ಹೆದರಿ ಕೋಣೆಯಿಂದ ಹೊರಗೆ ಕಾಲಿಡಲಿಲ್ಲ. ಪದ್ಧತಿ ಪ್ರಕಾರ ಮುಗಿಸೆಂದು ಗುರಪ್ಪನಿಗೆ ಫೋನಿನಲ್ಲೇ ಅಪ್ಪಣೆ ಮಾಡಿದ. ಮುಗಿಸಿದ ಸುದ್ದಿ ಹೇಳಲು ಬಂದವನನ್ನು, ಸೋಂಕು ತಂದಾನೆಂದು ಕಿಟಕಿಯಿಂದಲೇ ಗದರಿಸಿ ಓಡಿಸಿದ. ಭಯ ಇಳಿದ ಮೇಲೆ ಒಂದು ದಿನ ಬಂದು, ಅಜ್ಜನ ಸಮಾಧಿಯ ಪಕ್ಕ ಉಬ್ಬಿದ್ದ ಮಣ್ಣು ಕಂಡು, ಯಾರನ್ನೂ ಕೇಳದೆ ಅಪ್ಪನದೇ ಎಂದು ಗಳಗಳ ಅತ್ತ. ಅದರ ಮೇಲೆ ಅಮೃತಶಿಲೆ ಬಂತು. ನಾಚಿಕೆ ಮಾತ್ರ ಬರಲಿಲ್ಲ.

ಗೇಟು ತೆಗೆಯುವುದೇ ಇಲ್ಲವೇ ಎಂದು ಅನಸವ್ವ ಮತ್ತೊಮ್ಮೆ ಕೇಳಿದಳು. ಜೀವ ಹೋದರೂ ಇಲ್ಲವೆಂದ. ಅವಳ ಮಂದಿಯ ನಡುವೆ ತನ್ನ ಮನೆತನದ ಒಂದು ಎಲುಬು ಸಿಕ್ಕರೂ ತಾನು ರಾಮಲಿಂಗಪ್ಪನ ಮಗನೇ ಅಲ್ಲವೆಂದು, ನೆರೆದವರೆಲ್ಲ ಕೇಳುವಂತೆ ಆಣೆ ಇಟ್ಟ.

ಅನಸವ್ವ ಸೆರಗು ಬಿಗಿದು ಚಟ್ಟ ಎತ್ತಿಸಿದಳು.

"ಆತ್ರಿ ಸಾವಕಾರ್ರ, ಹಳ್ಳದಾಚಿಗೇ ಒಯ್ತೇವಿ. ಇಂವ ನಿಮ್ಮ ಅಪ್ಪಾರನ್ನ ಅಲ್ಲೇ ಕುಂದ್ರಿಸ್ಯಾನ, ಅವರ ಮಗ್ಗಲಕ್ಕ ಜಾಗ ಐತಿ. ಅವತ್ತೂ ನೀವು ಗೇಟ ತಗೀಲಿಲ್ರಿ."