ಹುಡುಗನ ಕಾರಿನ ಬ್ಯಾಟರಿ

ಹೆಣ್ಣು ನೋಡಲು ಬಂದವರು ಕೇಸರಿಬಾತು ಮುಗಿಸಿ ಎದ್ದರು.

“ಮನೆಗೆ ಹೋಗಿ ಯೋಚನೆ ಮಾಡಿ ತಿಳಿಸ್ತೀವಿ,” ಎಂದರು ಹುಡುಗನ ತಾಯಿ, ಮುಖ ಕೊಡದೆ.

ಹೊರಗೆ ಹುಡುಗ ಎಷ್ಟು ಸಲ ಕೀ ತಿರುಗಿಸಿದರೂ ಕಾರು ಸ್ಟಾರ್ಟ್ ಆಗಲಿಲ್ಲ. ಹುಡುಗಿ ಬಂದು ಕಿಟಕಿಯಲ್ಲಿ ಇಣುಕಿದಳು. ಲ್ಯಾಪ್‌ಟಾಪು, ಫೋನು, ಪುಟ್ಟ ಫ್ಯಾನು, ಎಲ್ಲವೂ ಕಾರಿನ ಚಾರ್ಜರಿಗೇ ಜೋತುಬಿದ್ದಿದ್ದವು.

“ಎಂಜಿನ್ ಆಫ್ ಮಾಡಿ ಇಷ್ಟೆಲ್ಲ ಚಾರ್ಜಿಗೆ ಹಾಕಿ ಬಂದ್ರೆ ಬ್ಯಾಟರಿ ಇಳಿಯದೆ ಇರುತ್ತಾ?”

“ಕಾರೇ ಸರಿಯಿಲ್ಲ,” ಎಂದು ಹುಡುಗ ಗೊಣಗಿದ.

ಅವಳು ತನ್ನ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಎರಡೂ ಬ್ಯಾಟರಿಗಳಿಗೆ ಕೇಬಲ್ ಸಿಕ್ಕಿಸಿದಳು. “ಈಗ ಕೀ ತಿರುಗಿಸಿ.”

ಕಾರು ಗುರ್ರೆಂದಿತು. ತಾಯಿಯ ಮುಖ ಅರಳಿತು.

“ಇನ್ನೇನು ಯೋಚನೆ? ನಮಗೆ ಹುಡುಗಿ ಒಪ್ಪಿಗೆ!”

ಹುಡುಗಿ ಕೇಬಲ್ ಸುತ್ತಿಟ್ಟುಕೊಂಡಳು. “ನಾವು ಯೋಚನೆ ಮಾಡಿ ತಿಳಿಸ್ತೀವಿ, ಆಂಟಿ.”