ಬೀಜಕ್ಕೆ ಬರ ಹೇಳುವವಳು

ಬಿತ್ತುವ ಮುನ್ನ ಬೀಜಕ್ಕೆ ಯಾರಾದರೂ ಬರದ ಕತೆ ಹೇಳಬೇಕು, ಇಲ್ಲದಿದ್ದರೆ ಸಸಿ ಬಾಯಾರಿಕೆ ತಾಳುವುದಿಲ್ಲ. ಕೋಲಾರದ ಕಡೆಯ ಟೊಮೆಟೊ ನರ್ಸರಿಗಳಲ್ಲಿ ಇದಕ್ಕೆಂದೇ ಹೆಂಗಸರಿದ್ದರು. ಪ್ರಮೀಳಾ ಈ ಕೆಲಸಕ್ಕೆ ಹೊಸಬಳು. ಅವಳು ಕತೆ ಹೇಳಿ ಬಿತ್ತಿದ ಮೊದಲ ಟ್ರೇಯ ಎಳೆ ಸಸಿಗಳು ಐದು ದಿನ ನೀರಿಲ್ಲದೆ ನಿಂತರಷ್ಟೇ ಕೆಲಸ ಖಾಯಂ.

ಐದನೆಯ ದಿನ ಮಧ್ಯಾಹ್ನ ಹಿರಿಯಳಾದ ಪಾಪಮ್ಮ ಪರೀಕ್ಷಿಸಲು ಬಂದಳು. ಒಂದು ಸಸಿಯೂ ತಲೆ ಬಾಗಿಸಿರಲಿಲ್ಲ.

“ಅಲ್ಲಮ್ಮಣ್ಣಿ, ನೀನು ಬರ ಕಂಡೋಳೇ ಅಲ್ಲ. ಇವುಕ್ಕೆ ಅದೇನು ಹೇಳ್ದೆ?”

ಪ್ರಮೀಳಾ ನೆಲ ನೋಡಿದಳು. “ಒಂದ್ಸಲ ಮದುವೆ ಮನೇಲಿ ನೀರು ಕೇಳೋಕೆ ನಾಚಿಕೆಯಾಗಿ, ಬೆಳಗ್ಗಿಂದ ಸಂಜೆವರೆಗೂ ಹಂಗೇ ಕೂತಿದ್ದೆ ಪಾಪಕ್ಕ. ಅದನ್ನೇ ಹೇಳ್ದೆ.”

“ಅಯ್ಯೋ ನಿನ್ನ!” ಪಾಪಮ್ಮ ನಗುತ್ತ ಟ್ರೇಗೆ ನೀರು ಚಿಮುಕಿಸಿದಳು. ನೀರು ಮಣ್ಣಿನ ಮೇಲೆ ಹಾಗೆಯೇ ನಿಂತಿತು. ಸಸಿಗಳು ಒಂದು ಹನಿಯನ್ನೂ ಮುಟ್ಟಲಿಲ್ಲ. ನೀರು ಕುಡಿಯದ ಸಸಿಯನ್ನು ಯಾರು ಕೊಳ್ಳುತ್ತಾರೆ?

ಆಮೇಲೆ ಪ್ರಮೀಳಾಳಿಗೆ ಹೊಳೆಯಿತು. “ಪಾಪಕ್ಕ, ನಾವು ನೋಡ್ತಿದ್ರೆ ಅವು ಕುಡಿಯಲ್ಲ. ಸ್ವಲ್ಪ ಆ ಕಡೆ ತಿರುಗ್ತೀರಾ?”

ಇಬ್ಬರೂ ಬೆನ್ನು ತಿರುಗಿಸಿ ನಿಂತರು. ಹಿಂದಿನಿಂದ ಇಡೀ ಟ್ರೇ ಗಟಗಟ ಕುಡಿಯುವ ಸದ್ದು ಕೇಳಿಸಿತು.

ಪಾಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತ ಪಿಸುಗುಟ್ಟಿದಳು: “ನೀರು ಬಿಟ್ಟು ಆ ಕಡೆ ತಿರುಗ್ಕೊಳ್ಳಿ ಅಂತ ರೈತರಿಗೆ ನಾನು ಹೇಳ್ತೀನಿ. ನೀನು ನಾಳೆ ಬೇಗ ಬಾ, ಬದನೆ ಬೀಜ ಕಾಯ್ತಾ ಅವೆ.”